ಹಳೆಯದೋ ಹೊಸದೋ, ಗ್ಯಾಸೋ ಕರೆಂಟೋ: ಹೊರಸೂಸುವಿಕೆ ಲೆಕ್ಕ ಹಾಕಿ ಆರಿಸುವ ಬಗೆ

ಒಂದು ವಸ್ತುವಿನಿಂದ ಗಾಳಿಗೆ ಸೇರುವ ಇಂಗಾಲ ನಾಲ್ಕು ಹಂತಗಳಲ್ಲಿ ಹಂಚಿಹೋಗಿರುತ್ತದೆ: ತಯಾರಿಸುವಾಗ, ಸಾಗಿಸುವಾಗ, ಬಳಸುವಾಗ, ವಿಲೇವಾರಿ ಮಾಡುವಾಗ. ನಾಲ್ಕೂ ಸಮನಾಗಿರುವುದು ತೀರಾ ಅಪರೂಪ. ಮೊಬೈಲ್ ಫೋನಿನ ಪಾಲು ಬಹುಮಟ್ಟಿಗೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಗೀಸರಿನದು ಬಿಸಿನೀರು ಬಿಟ್ಟಾಗಲೆಲ್ಲ ಬೆಳೆಯುತ್ತಾ ಹೋಗುತ್ತದೆ. ಎಸಿಯದು, ಬಿಚ್ಚುವವರ ಕೈ ಒರಟಾಗಿದ್ದರೆ, ಒಳಗಿನ ಗ್ಯಾಸ್ ಸೋರಿ ಒಂದೇ ನಿಮಿಷದಲ್ಲಿ ಹಾರಿಹೋಗುತ್ತದೆ.

ಹೀಗಾಗಿ ‘ಇದ್ದದ್ದನ್ನೇ ಉಳಿಸಿಕೊಳ್ಳಿ’ ಎಂಬ ಬುದ್ಧಿಮಾತಾಗಲಿ, ‘ಹೊಸ ಮಾಡೆಲ್ ಕಡಿಮೆ ಕರೆಂಟು ತಿನ್ನುತ್ತದೆ’ ಎಂಬ ಅಂಗಡಿಯವರ ಮಾತಾಗಲಿ ಎಲ್ಲಕ್ಕೂ ಹೊಂದುವುದಿಲ್ಲ. ಭಾರ ಬಳಕೆಯಲ್ಲಿದ್ದರೆ ದಕ್ಷತೆ ನೋಡಿ ಬದಲಿಸಬೇಕು. ತಯಾರಿಕೆಯಲ್ಲಿದ್ದರೆ ಆದಷ್ಟು ವರ್ಷ ಎಳೆಯಬೇಕು. ಸೋರಿಕೆಯಲ್ಲಿದ್ದರೆ ಯಾವ ಬ್ರ್ಯಾಂಡ್ ಎನ್ನುವುದಕ್ಕಿಂತ ಯಾರು ಕೂರಿಸುತ್ತಾರೆ, ಯಾರು ಬಿಚ್ಚುತ್ತಾರೆ ಎನ್ನುವುದು ಮುಖ್ಯ. ಕೆಳಗಿನ ಹೋಲಿಕೆಗಳೆಲ್ಲ ಈ ಮೂರರಲ್ಲೇ ಬರುತ್ತವೆ.

ಮೊದಲು ಕೈಯಲ್ಲಿರಬೇಕಾದ ಸಂಖ್ಯೆಗಳು

1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. 1 ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ. 1 ಕೆಜಿ ಎಲ್‌ಪಿಜಿಗೆ ಸುಮಾರು 3 ಕೆಜಿ. ಇವು ಎಲ್ಲಿ ಉರಿಸಿದರೂ ಅಷ್ಟೇ.

ಕರೆಂಟು ಹಾಗಲ್ಲ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2014ರಲ್ಲಿ ಕೊಟ್ಟ ಮಧ್ಯಮ ಅಂಕಿಗಳ ಪ್ರಕಾರ ಕಲ್ಲಿದ್ದಲಿನಿಂದ ಬಂದ ಒಂದು ಯೂನಿಟ್‌ಗೆ (1 ಕಿಲೋವ್ಯಾಟ್-ಅವರ್) ಸುಮಾರು 820 ಗ್ರಾಂ, ನೈಸರ್ಗಿಕ ಅನಿಲಕ್ಕೆ 490 ಗ್ರಾಂ, ಸೌರ ಫಲಕಕ್ಕೆ 40ರಿಂದ 50 ಗ್ರಾಂ, ಗಾಳಿ ಮತ್ತು ಅಣುವಿದ್ಯುತ್ತಿಗೆ 12 ಗ್ರಾಂ ಆಸುಪಾಸು. ನಿಮ್ಮ ಮನೆಗೆ ಬರುವುದು ಇವುಗಳ ಮಿಶ್ರಣ. ಆ ಮಿಶ್ರಣದ ಸರಾಸರಿಯನ್ನು ಹೆಚ್ಚಿನ ದೇಶಗಳಲ್ಲಿ ವಿದ್ಯುತ್ ಇಲಾಖೆಯೋ ನಿಯಂತ್ರಣ ಸಂಸ್ಥೆಯೋ ಪ್ರಕಟಿಸುತ್ತದೆ. ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಈ ಒಂದು ಸಂಖ್ಯೆ ಗೊತ್ತಿಲ್ಲದಿದ್ದರೆ ಒಲೆ, ಗೀಸರ್, ಕಾರು ಮೂರರ ಬಗ್ಗೆಯೂ ಮಾಡುವ ವಾದ ಬರೀ ಊಹೆ. ಇಲ್ಲಿನ ಉದಾಹರಣೆಗಳಲ್ಲಿ ನಡುವಿನ ಅಂಕಿಯಾಗಿ ಯೂನಿಟ್‌ಗೆ 500 ಗ್ರಾಂ ಹಿಡಿದಿದ್ದೇವೆ, ಬೇರೆ ಅಂಕಿ ಹಿಡಿದ ಕಡೆ ಹೇಳಿದ್ದೇವೆ. ನಿಮ್ಮದು ಬೇರೆಯಾಗಿದ್ದರೆ ಗುಣಿಸಿ ತಿದ್ದಿಕೊಳ್ಳಿ.

ಫ್ರಿಜ್: ಮೀಟರ್ ಹಾಕದೆ ತೀರ್ಮಾನಿಸಬೇಡಿ

ಫ್ರಿಜ್ಜಿನ ಭಾರ ಬಳಕೆಯಲ್ಲಿದೆ, ಏಕೆಂದರೆ ಅದು ವರ್ಷವಿಡೀ ಆಫ್ ಆಗುವುದಿಲ್ಲ. ಹಳೆಯದನ್ನು ಬದಲಿಸಬೇಕೇ ಎಂದು ತಿಳಿಯಲು ಪ್ಲಗ್ ಮತ್ತು ಸಾಕೆಟ್ ನಡುವೆ ಸಿಕ್ಕಿಸುವ ವಿದ್ಯುತ್ ಮೀಟರ್ ಸಾಕು. ಒಂದೆರಡು ಗಂಟೆ ಅಳೆದರೆ ಲೆಕ್ಕ ತಪ್ಪುತ್ತದೆ. ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ, ನಡುವೆ ಐಸ್ ಕರಗಿಸುವ ಹೀಟರ್ ಬೇರೆ ಹತ್ತುತ್ತದೆ. ಕನಿಷ್ಠ 24 ಗಂಟೆ, ಸಾಧ್ಯವಾದರೆ 3 ದಿನ ಬಿಟ್ಟು, ಬಂದ ಯೂನಿಟ್ಟುಗಳನ್ನು ವರ್ಷಕ್ಕೆ ಏರಿಸಿ.

ಹಳೆಯದು ವರ್ಷಕ್ಕೆ 550 ಯೂನಿಟ್ ತಿನ್ನುತ್ತಿದೆ, ಹೊಸದರ ಲೇಬಲ್ ಮೇಲೆ 200 ಇದೆ ಎಂದಿಟ್ಟುಕೊಳ್ಳಿ. ಉಳಿತಾಯ 350 ಯೂನಿಟ್, ಅಂದರೆ 175 ಕೆಜಿ. ಹೊಸ ಫ್ರಿಜ್ ತಯಾರಿಕೆಗೆ 300 ಕೆಜಿ ಎಂದು ಹಿಡಿದರೂ ಎರಡು ವರ್ಷದೊಳಗೆ ಆ ಸಾಲ ತೀರುತ್ತದೆ. ಅದೇ ಹಳೆಯದು 280 ಯೂನಿಟ್ ಮಾತ್ರ ತಿನ್ನುತ್ತಿದ್ದರೆ ವರ್ಷದ ಉಳಿತಾಯ 40 ಕೆಜಿ. ಸಾಲ ತೀರಲು ಏಳೂವರೆ ವರ್ಷ. ಅಂಥದ್ದನ್ನು ಮುಟ್ಟದಿರುವುದೇ ಲೇಸು.

ಉಳಿಸಿಕೊಳ್ಳುವುದಾದರೆ ಮೊದಲು ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ನೋಡಿ. ಒಂದು ಹಾಳೆಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸುತ್ತ ಎಲ್ಲ ಕಡೆಯೂ ಬಿಗಿಯಾಗಿ ಹಿಡಿಯಬೇಕು. ಸಾಮಾನ್ಯವಾಗಿ ಸಡಿಲವಾಗುವುದು ಕೆಳಗಿನ ಮೂಲೆ. ಹಿಂದಿನ ಅಥವಾ ಕೆಳಗಿನ ಕಾಯಿಲ್ ಮೇಲಿನ ಧೂಳು ಒರೆಸಿ, ಗೋಡೆಗೂ ಫ್ರಿಜ್ಜಿಗೂ ನಡುವೆ ಗಾಳಿಯಾಡಲು ಜಾಗ ಬಿಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಒಳಗೆ ಬಿಟ್ಟರೆ ನಿಜವಾದ ಉಷ್ಣಾಂಶ ಗೊತ್ತಾಗುತ್ತದೆ. 4 ಡಿಗ್ರಿ ಸಾಕು, ಫ್ರೀಜರ್‌ಗೆ ಮೈನಸ್ 18. ಗುಂಡಿಯ ಮೇಲಿನ 1ರಿಂದ 7ರವರೆಗಿನ ಅಂಕಿ ಡಿಗ್ರಿ ಅಲ್ಲ.

ಬದಲಿಸುವುದಾದರೆ ಒಂದು ಷರತ್ತು: ಹಳೆಯದು ಸ್ವಿಚ್ ಆಫ್ ಆಗಬೇಕು. ಹೊಸದು ತಂದು, ಹಳೆಯದನ್ನು ‘ಇರಲಿ, ಆಗೀಗ ಬೇಕಾಗುತ್ತದೆ’ ಎಂದು ಹಿತ್ತಿಲ ಕೋಣೆಯಲ್ಲಿ ಓಡಿಸಿದರೆ ಲೆಕ್ಕವೆಲ್ಲ ತಲೆಕೆಳಗು.

ಎಸಿ: ಗ್ಯಾಸ್ ಹೆಸರು ಮೊದಲು, ಸ್ಟಾರ್ ಆಮೇಲೆ

ಎಸಿ ಕೊಳ್ಳುವವರು ಸ್ಟಾರ್ ಎಣಿಸುತ್ತಾರೆ. ಒಳಗಿನ ಗ್ಯಾಸ್ ಯಾವುದೆಂದು ಕೇಳುವವರು ಕಡಿಮೆ. ಒಂದು ಕೆಜಿ ಗ್ಯಾಸ್ ಗಾಳಿಗೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಎಷ್ಟು ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ ಎಂಬುದಕ್ಕೆ ನಿಯಮಾವಳಿಗಳಲ್ಲಿ ಬಳಸುವ ಅಂಕಿಗಳು ಹೀಗಿವೆ:

ಆರ್-410ಎ: 2,088
ಆರ್-22: 1,810
ಆರ್-32: 675
ಆರ್-290 (ಇದು ಪ್ರೋಪೇನ್): ಸುಮಾರು 3

ಅಂದರೆ 1 ಕೆಜಿ ಆರ್-410ಎ ತುಂಬಿರುವ ಯಂತ್ರ ಪೂರ್ತಿ ಸೋರಿದರೆ 900 ಲೀಟರ್ ಪೆಟ್ರೋಲ್ ಸುಟ್ಟಷ್ಟಾಯಿತು. ಆರ್-32 ಯಂತ್ರದಲ್ಲಿ 800 ಗ್ರಾಂ ಇದ್ದರೆ 540 ಕೆಜಿ. ಆರ್-290 ಯಂತ್ರದಲ್ಲಿ 350 ಗ್ರಾಂ ಇದ್ದರೆ ಬರೀ 1 ಕೆಜಿ. ಓಝೋನ್ ಪದರ ಕಾಯುವ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಿಕೊಂಡು 2019ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯ ಗುರಿಯೇ ಮೊದಲ ಸಾಲಿನಂಥ ಗ್ಯಾಸುಗಳನ್ನು ಹಂತಹಂತವಾಗಿ ಇಳಿಸುವುದು. ಆಯ್ಕೆ ಇದ್ದರೆ ಆರ್-290, ಸಿಗದಿದ್ದರೆ ಆರ್-32. ಆರ್-290 ಬೇಗ ಹೊತ್ತಿಕೊಳ್ಳುವ ಗ್ಯಾಸ್, ಆದ್ದರಿಂದ ಅದಕ್ಕೆಂದೇ ತಯಾರಾದ ಯಂತ್ರ, ತರಬೇತಿಯಾದ ಮೆಕ್ಯಾನಿಕ್, ಕಂಪನಿ ಹೇಳಿದಷ್ಟು ಕೋಣೆಯ ಅಳತೆ ಮೂರೂ ಬೇಕು. ಹಳೆಯ ಎಸಿಗೆ ಪ್ರೋಪೇನ್ ಹಾಕಿಸುವ ಪ್ರಯೋಗ ಬೇಡವೇ ಬೇಡ.

‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಿಬಿಡೋಣ’ ಎಂಬ ಮಾತು ಪ್ರತಿ ಬೇಸಿಗೆಯಲ್ಲೂ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಎಸಿಯ ಗ್ಯಾಸ್ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಖರ್ಚಾಗುವ ಪದಾರ್ಥವಲ್ಲ. ಹೆಚ್ಚಾಗಿ ಸೋರುವುದು ತಾಮ್ರದ ಕೊಳವೆಯ ತುದಿಯನ್ನು ಅರಳಿಸಿ ನಟ್ಟಿನಿಂದ ಬಿಗಿದಿರುವ ಜಾಗದಲ್ಲಿ. ಅಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅದೇ ಸಾಕ್ಷಿ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ನಟ್ ಅತಿಯಾಗಿ ಬಿಗಿದರೂ ಅರಳಿಸಿದ ತುದಿ ಸೀಳುತ್ತದೆ, ಅದಕ್ಕೇ ಟಾರ್ಕ್ ಸ್ಪ್ಯಾನರ್ ಇರುವುದು. ಕ್ರಮ ಇಷ್ಟು: ತುದಿ ಕತ್ತರಿಸಿ ಹೊಸದಾಗಿ ಅರಳಿಸಬೇಕು, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಬೇಕು, ವ್ಯಾಕ್ಯೂಮ್ ಪಂಪ್‌ನಿಂದ ಗಾಳಿ ಮತ್ತು ತೇವ ಎಳೆಯಬೇಕು, ಆಮೇಲೆ ಯಂತ್ರದ ಫಲಕದಲ್ಲಿ ಬರೆದಿರುವ ಗ್ರಾಮಿನಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ವ್ಯಾಕ್ಯೂಮ್ ಪಂಪ್ ತರದೆ, ಗ್ಯಾಸನ್ನೇ ಸ್ವಲ್ಪ ಬಿಟ್ಟು ಕೊಳವೆಯ ಗಾಳಿ ಓಡಿಸುವವರಿಗೆ ಕೆಲಸ ಕೊಡಬೇಡಿ.

ಮನೆ ಬದಲಿಸುವಾಗ ಅಪಾಯ ಇನ್ನೂ ಹೆಚ್ಚು. ನಟ್ ಬಿಚ್ಚುವ ಮೊದಲು ಗ್ಯಾಸನ್ನೆಲ್ಲ ಹೊರಗಿನ ಯೂನಿಟ್‌ಗೆ ಎಳೆದುಕೊಳ್ಳಬೇಕು. ಎಸಿ ತಂಪು ಮಾಡುತ್ತಿರುವಾಗಲೇ ಸಣ್ಣ ಕೊಳವೆಯ ವಾಲ್ವ್ ಮುಚ್ಚಿ, ಗೇಜಿನ ಒತ್ತಡ ಸೊನ್ನೆಯ ಹತ್ತಿರ ಬಂದ ಕೂಡಲೇ ದಪ್ಪ ಕೊಳವೆಯ ವಾಲ್ವ್ ಮುಚ್ಚಿ, ತಡಮಾಡದೆ ಯಂತ್ರ ನಿಲ್ಲಿಸಬೇಕು. ಬಿಚ್ಚುವಾಗ ಜೋರಾಗಿ ‘ಬುಸ್’ ಎಂದು ಸದ್ದಾಗಿ ಬಿಳಿ ಹಬೆ ಎದ್ದರೆ ಆ ಕೆಲಸ ಆಗಿಲ್ಲವೆಂದೇ ತಿಳಿಯಿರಿ. ಗುಜರಿಗೆ ಹಾಕುವ ಎಸಿಗಾದರೆ ಗ್ಯಾಸನ್ನು ಸಿಲಿಂಡರಿಗೆ ಹಿಂತೆಗೆದುಕೊಳ್ಳುವ ಯಂತ್ರ ಇರುವವರಿಗೇ ಕೊಡಿ.

ಇಷ್ಟಾದ ಮೇಲೆ ಸ್ಟಾರ್ ನೋಡಿ. ಲೇಬಲ್ ಮೇಲಿನ ವಾರ್ಷಿಕ ದಕ್ಷತೆಯ ಅಂಕಿಯನ್ನು ದೇಶದಿಂದ ದೇಶಕ್ಕೆ ಹೋಲಿಸಲಾಗದು, ಪರೀಕ್ಷೆಯ ಹವೆಯೇ ಬೇರೆ. ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ತಂದರೆ ಅದು ಬೇಗ ತಂಪು ಮಾಡಿ ನಿಲ್ಲುತ್ತದೆ, ತೇವ ಎಳೆಯುವುದಿಲ್ಲ. ಆಗ ಜಿಗುಟು ತಾಳದೆ ಉಷ್ಣಾಂಶ ಇನ್ನೂ ಇಳಿಸುತ್ತೀರಿ.

ಒಲೆ: ಲೆಕ್ಕ ತಿರುಗುವುದು ಎಲ್ಲಿ

2 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಸಲು ನೀರಿಗೆ ಸೇರಬೇಕಾದ ಶಾಖ ಸುಮಾರು 0.175 ಯೂನಿಟ್. ಇಂಡಕ್ಷನ್ ಒಲೆಯ ಶಾಖದಲ್ಲಿ ಪಾತ್ರೆಗೆ ಸೇರುವುದು 85 ಪ್ರತಿಶತದ ಆಸುಪಾಸು. ಹಾಗಾಗಿ ಗೋಡೆಯಿಂದ 0.2 ಯೂನಿಟ್ ಬೇಕು. ಗ್ಯಾಸ್ ಒಲೆಯಲ್ಲಿ ಜ್ವಾಲೆಯ ಅರ್ಧಕ್ಕಿಂತ ಹೆಚ್ಚು ಶಾಖ ಪಾತ್ರೆಯ ಪಕ್ಕದಿಂದಲೇ ಮೇಲೆ ಹೋಗುತ್ತದೆ. 40 ಪ್ರತಿಶತ ಹಿಡಿದರೆ 0.44 ಯೂನಿಟ್‌ನಷ್ಟು ಎಲ್‌ಪಿಜಿ ಉರಿಯಬೇಕು, ಅದರಿಂದ ಸುಮಾರು 100 ಗ್ರಾಂ ಇಂಗಾಲದ ಡೈಆಕ್ಸೈಡ್.

ಈಗ ಇಂಡಕ್ಷನ್. ಗ್ರಿಡ್, ಅಂದರೆ ಮನೆಗೆ ಕರೆಂಟು ತರುವ ಜಾಲ, ಯೂನಿಟ್‌ಗೆ 200 ಗ್ರಾಂ ಆದರೆ 40 ಗ್ರಾಂ; 500 ಆದರೆ ಎರಡೂ ಒಂದೇ; 700 ಆದರೆ 140 ಗ್ರಾಂ, ಅಂದರೆ ಗ್ಯಾಸೇ ವಾಸಿ. ‘ಇಂಡಕ್ಷನ್ ಯಾವಾಗಲೂ ಹಸಿರು’ ಎನ್ನುವವರೂ ‘ಕರೆಂಟೆಲ್ಲ ಕಲ್ಲಿದ್ದಲೇ’ ಎಂದು ತಳ್ಳಿಹಾಕುವವರೂ ಈ ತಿರುವನ್ನು ನೋಡಿರುವುದಿಲ್ಲ. ಆದರೆ ಎರಡು ಸಂಗತಿ ತಕ್ಕಡಿಯನ್ನು ಇಂಡಕ್ಷನ್ ಕಡೆ ವಾಲಿಸುತ್ತವೆ. ಗ್ರಿಡ್ಡಿಗೆ ಗಾಳಿ, ಬಿಸಿಲು ಸೇರಿದಷ್ಟೂ ಅದೇ ಒಲೆ ತಾನಾಗಿ ಶುದ್ಧವಾಗುತ್ತದೆ, ಗ್ಯಾಸ್ ಒಲೆ ಆಗುವುದಿಲ್ಲ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲವಾದರೆ ದಾರಿಯಲ್ಲಿ ಸೋರುವ ಮೀಥೇನ್ ಬೇರೆ, ಅದು ಈ ಲೆಕ್ಕದಲ್ಲಿಲ್ಲ. ಸೌರ ಫಲಕ ಇರುವ ಮನೆಯಲ್ಲಿ ಹಗಲಿನ ಅಡುಗೆಗೆ ಇಂಡಕ್ಷನ್ ಎನ್ನುವುದರಲ್ಲಿ ಎರಡು ಮಾತಿಲ್ಲ.

ಯಾವ ಒಲೆಯಾದರೂ ಮುಚ್ಚಳ ಮುಚ್ಚುವುದು, ಪ್ರೆಶರ್ ಕುಕ್ಕರ್ ಬಳಸುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು ಕೂಡಲೇ ಫಲ ಕೊಡುತ್ತವೆ. ಇಂಡಕ್ಷನ್ ಒಲೆಯಲ್ಲಿ ಆಗಾಗ ‘ಬೀಪ್’ ಎಂದು ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಪಾತ್ರೆ: ತಳಕ್ಕೆ ಆಯಸ್ಕಾಂತ ಗಟ್ಟಿಯಾಗಿ ಅಂಟಬೇಕು, ತಳ ಉಬ್ಬಿರಬಾರದು. ಎರಡನೆಯ ಕಾರಣ, ಕೆಳಗಿನ ಫ್ಯಾನಿನ ಕಿಂಡಿಗೆ ಎಣ್ಣೆಜಿಡ್ಡು ಕಟ್ಟಿರುವುದು.

ಬಿಸಿನೀರು

ಬಿಸಿನೀರಿನಲ್ಲಿ ಉಳಿತಾಯಕ್ಕೆ ಜಾಗ ಒಲೆಗಿಂತ ಹೆಚ್ಚು. 100 ಲೀಟರ್ ನೀರನ್ನು 25 ಡಿಗ್ರಿ ಏರಿಸಲು 2.9 ಯೂನಿಟ್ ಶಾಖ ಬೇಕು. ಸಾಮಾನ್ಯ ಕಾಯಿಲ್ ಗೀಸರ್ ಅಷ್ಟನ್ನೂ ಗ್ರಿಡ್ಡಿನಿಂದಲೇ ಎಳೆಯುತ್ತದೆ: 1.45 ಕೆಜಿ. 82 ಪ್ರತಿಶತ ದಕ್ಷತೆಯ ಗ್ಯಾಸ್ ಗೀಸರ್‌ಗೆ ಸುಮಾರು 0.8 ಕೆಜಿ. ಹೀಟ್ ಪಂಪ್ ಗೀಸರ್ ಸುತ್ತಲಿನ ಗಾಳಿಯ ಶಾಖವನ್ನು ಎತ್ತಿ ನೀರಿಗೆ ಕೊಡುವುದರಿಂದ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ, ಅದಕ್ಕೆ 0.5 ಕೆಜಿ. ಗ್ರಿಡ್ 700 ಗ್ರಾಂ ಆದರೂ ಹೀಟ್ ಪಂಪ್ 0.7 ಕೆಜಿಗೆ ನಿಲ್ಲುತ್ತದೆ, ಗ್ಯಾಸಿಗಿಂತ ಕಡಿಮೆಯೇ. ಸೋಲಾರ್‌ಗೆ ಬಿಸಿಲಿರುವ ದಿನ ಸೊನ್ನೆಯ ಹತ್ತಿರ.

ಹಾಗಾಗಿ ಚಾವಣಿ ನಿಮ್ಮದಾಗಿದ್ದು ನೆರಳು ಬೀಳದಿದ್ದರೆ ಸೋಲಾರ್. ಇಲ್ಲದಿದ್ದರೆ ಹೀಟ್ ಪಂಪ್. ಹೀಟ್ ಪಂಪ್‌ಗೆ ಗಾಳಿಯಾಡುವ ಜಾಗ ಬೇಕು, ಸಣ್ಣ ಸದ್ದು ಇರುತ್ತದೆ, ಚಳಿ ಹೆಚ್ಚಿದ ಕಡೆ 3 ಎಂಬ ಅನುಪಾತ ಇಳಿಯುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿಟ್ಟರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನು ಮತ್ತೆ ಎಳೆದುಕೊಂಡು ದಕ್ಷತೆ ಕಳೆದುಕೊಳ್ಳುತ್ತದೆ.

ಸೋಲಾರ್ ಇರುವ ಮನೆಗಳಲ್ಲಿ ಆಗುವ ತಪ್ಪು ಬೇರೆ. ಬ್ಯಾಕಪ್ ಹೀಟರಿನ ಸ್ವಿಚ್ ಇಡೀ ದಿನ ಆನ್ ಇರುತ್ತದೆ. ಬೆಳಗ್ಗೆ ಬಿಸಿನೀರು ಖಾಲಿಯಾದ ಕೂಡಲೇ ಕಾಯಿಲ್ ಹೊಸ ನೀರನ್ನು ಕಾಯಿಸಿಬಿಡುತ್ತದೆ, ಬಿಸಿಲು ಬರುವ ಹೊತ್ತಿಗೆ ಅದಕ್ಕೆ ಕೆಲಸವೇ ಉಳಿದಿರುವುದಿಲ್ಲ. ಟೈಮರ್ ಹಾಕಿ, ಬಿಸಿಲಿಳಿದ ಮೇಲೆ ನೀರು ಸಾಕಷ್ಟು ಬಿಸಿಯಿಲ್ಲದಿದ್ದರೆ ಮಾತ್ರ ಹತ್ತುವಂತೆ ಮಾಡಿ.

ಟ್ಯಾಂಕ್ ಗೀಸರಿನ ಉಷ್ಣಾಂಶವನ್ನು ಉಳಿತಾಯದ ಆಸೆಗೆ 45ಕ್ಕೆ ಇಳಿಸಬೇಡಿ. ನಿಂತ ಬೆಚ್ಚನೆ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60 ಇರಲಿ. ಅದರ ಬದಲು ನೀರು ಕಡಿಮೆ ಮಾಡಿ: ನಿಮಿಷಕ್ಕೆ 12 ಲೀಟರಿನ ಶವರ್ ತಲೆಯನ್ನು 7 ಲೀಟರಿನದಕ್ಕೆ ಬದಲಿಸಿದರೆ ಬಿಸಿನೀರಿನ ಖರ್ಚು ಹತ್ತಿರ ಹತ್ತಿರ 40 ಪ್ರತಿಶತ ಇಳಿಯುತ್ತದೆ. ಗೀಸರ್ ಬಚ್ಚಲಿನಿಂದ ದೂರವಿದ್ದರೆ, 15 ಮಿಲಿಮೀಟರ್ ಒಳವ್ಯಾಸದ 10 ಮೀಟರ್ ಪೈಪಿನಲ್ಲಿ ಪ್ರತಿ ಸಲ 1.8 ಲೀಟರ್ ಬಿಸಿನೀರು ನಿಂತು ತಣ್ಣಗಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಬಟ್ಟೆ ಒಗೆಯುವುದು

ಯಂತ್ರ 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು 0.7 ಯೂನಿಟ್, 30ಕ್ಕೆ ಏರಿಸಲು 0.17 ಯೂನಿಟ್. ಕಿಣ್ವ ಇರುವ ಪುಡಿ 30 ಡಿಗ್ರಿಯಲ್ಲೇ ಕೆಲಸ ಮಾಡುತ್ತದೆ. ಯಾವಾಗಲೂ ತಣ್ಣೀರಿನಲ್ಲೇ ಒಗೆದರೆ ಡ್ರಮ್ಮಿನ ರಬ್ಬರಿನಲ್ಲಿ ಲೋಳೆ ಕಟ್ಟಿ ವಾಸನೆ ಬರುತ್ತದೆ. ತಿಂಗಳಿಗೊಮ್ಮೆ ಖಾಲಿ ಯಂತ್ರವನ್ನು 60ರಲ್ಲಿ ಓಡಿಸಿದರೆ ಸಾಕು. ದೊಡ್ಡ ವ್ಯತ್ಯಾಸ ಇರುವುದು ಒಣಗಿಸುವುದರಲ್ಲಿ: ಸಾಮಾನ್ಯ ಡ್ರೈಯರ್‌ಗೆ ಒಂದು ಸಲಕ್ಕೆ 4 ಯೂನಿಟ್ ಆಸುಪಾಸು, ಹೀಟ್ ಪಂಪ್ ಡ್ರೈಯರ್‌ಗೆ ಅದರ ಅರ್ಧ ಅಥವಾ ಇನ್ನೂ ಕಡಿಮೆ, ಹಗ್ಗಕ್ಕೆ ಸೊನ್ನೆ.

ಫೋನು, ಲ್ಯಾಪ್‌ಟಾಪು: ಇಲ್ಲಿ ಸೂತ್ರ ತಲೆಕೆಳಗು

ಫೋನಿನ ಬ್ಯಾಟರಿ ಸುಮಾರು 18 ವ್ಯಾಟ್-ಅವರ್. ದಿನಾ ಪೂರ್ತಿ ಚಾರ್ಜ್ ಮಾಡಿದರೂ, ನಷ್ಟ ಸೇರಿಸಿ ವರ್ಷಕ್ಕೆ 8-9 ಯೂನಿಟ್, ಅಂದರೆ 4-5 ಕೆಜಿ. ತಯಾರಿಕೆಯ ಪಾಲು ಸಾಮಾನ್ಯವಾಗಿ 50 ಕೆಜಿಗೂ ಮೇಲೆ. ಹೊಸ ಫೋನು ಎಷ್ಟೇ ಕಡಿಮೆ ಕರೆಂಟು ಬಳಸಿದರೂ ಆ ಸಾಲ ತೀರುವುದಿಲ್ಲ. ಎರಡು ವರ್ಷಕ್ಕೆ ಬದಲಿಸುವ ಫೋನನ್ನು ನಾಲ್ಕು ವರ್ಷ ಇಟ್ಟುಕೊಂಡರೆ ವರ್ಷಕ್ಕೆ ಬೀಳುವ ತಯಾರಿಕೆಯ ಪಾಲು ಅರ್ಧಕ್ಕೆ ಇಳಿಯುತ್ತದೆ. ಚಾರ್ಜರನ್ನು ಸಾಕೆಟ್‌ನಿಂದ ಕಿತ್ತಿಡಬೇಕೆಂಬ ಉಪದೇಶ ಇದರ ಮುಂದೆ ಏನೂ ಅಲ್ಲ: 0.1 ವ್ಯಾಟ್ ಎಳೆಯುವ ಖಾಲಿ ಚಾರ್ಜರ್ ವರ್ಷವಿಡೀ ಇದ್ದರೂ 1 ಯೂನಿಟ್ ಮುಟ್ಟುವುದಿಲ್ಲ.

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದು ಬಾಳಿಕೆ. ಸಾಫ್ಟ್‌ವೇರ್ ಅಪ್‌ಡೇಟ್ ಯಾವ ವರ್ಷದವರೆಗೆ? ಬ್ಯಾಟರಿ ಬದಲಿಸಲು ಸ್ಕ್ರೂ ಬಿಚ್ಚಿದರೆ ಸಾಕೇ, ಅಂಟು ಕಾಯಿಸಬೇಕೇ? ಪರದೆ, ಚಾರ್ಜಿಂಗ್ ಪೋರ್ಟ್ ಬಿಡಿಯಾಗಿ ಸಿಗುತ್ತವೆಯೇ? ಫ್ರಾನ್ಸ್ 2021ರಲ್ಲಿ ಫೋನು, ಲ್ಯಾಪ್‌ಟಾಪುಗಳ ಮೇಲೆ ರಿಪೇರಿ ಎಷ್ಟು ಸುಲಭ ಎಂಬುದಕ್ಕೆ 10ಕ್ಕೆ ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಮೂಲ ಸಾಮರ್ಥ್ಯದ 80 ಪ್ರತಿಶತ ಉಳಿಸಿಕೊಂಡಿರಬೇಕು. ಅದೇ ಮಾದರಿ ನಿಮ್ಮ ಕಡೆಯೂ ಮಾರಾಟಕ್ಕಿದ್ದರೆ ಅಲ್ಲಿನ ಲೇಬಲನ್ನು ಅಂತರ್ಜಾಲದಲ್ಲಿ ನೋಡಿಕೊಳ್ಳಬಹುದು.

ಬ್ಯಾಟರಿ ಸೋತ ಫೋನಿಗೆ ಬ್ಯಾಟರಿ ಹಾಕಿಸುವುದು ಮೊದಲ ಆಯ್ಕೆ, ರಿಫರ್ಬಿಷ್ಡ್, ಅಂದರೆ ಸರಿಪಡಿಸಿ ಮತ್ತೆ ಮಾರುವ ಹಳೆಯ ಫೋನು ಎರಡನೆಯದು, ಹೊಸದು ಮೂರನೆಯದು. ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಅದಕ್ಕಿಂತ ವೇಗದ, ಚಿಪ್ಪಿನ ಸಂಗ್ರಹ) ಹಾಕಿಸಿ ನೋಡದೆ ಹೊಸದಕ್ಕೆ ಹೋಗಬೇಡಿ.

ಕಾರು: ವರ್ಷಕ್ಕೆ ಎಷ್ಟು ಕಿಲೋಮೀಟರ್?

100 ಕಿಮೀಗೆ 6 ಲೀಟರ್ ಕುಡಿಯುವ ಪೆಟ್ರೋಲ್ ಕಾರು 13.8 ಕೆಜಿ ಉಗುಳುತ್ತದೆ. ಕಚ್ಚಾ ತೈಲ ತೆಗೆದು, ಸಂಸ್ಕರಿಸಿ, ಸಾಗಿಸುವುದನ್ನೂ ಸೇರಿಸಿದರೆ 17 ಕೆಜಿ ಹತ್ತಿರ. ವಿದ್ಯುತ್ ಕಾರಿಗೆ ಚಾರ್ಜಿಂಗ್ ನಷ್ಟವೂ ಸೇರಿ 100 ಕಿಮೀಗೆ 18 ಯೂನಿಟ್ ಬೇಕು ಎನ್ನೋಣ: 400 ಗ್ರಾಂ ಗ್ರಿಡ್ಡಿನಲ್ಲಿ 7.2 ಕೆಜಿ, 700ರಲ್ಲಿ 12.6 ಕೆಜಿ. ಆದರೆ ದೊಡ್ಡ ಬ್ಯಾಟರಿಯಿಂದಾಗಿ ವಿದ್ಯುತ್ ಕಾರಿನ ತಯಾರಿಕೆಯಲ್ಲೇ ಸುಮಾರು 4 ಟನ್ ಹೆಚ್ಚಿಗೆ ಹೋಗಿರುತ್ತದೆ. ಆ 4 ಟನ್ ತೀರಬೇಕಾದರೆ ಮೊದಲ ಗ್ರಿಡ್ಡಿನಲ್ಲಿ ಸುಮಾರು 41,000 ಕಿಮೀ, ಎರಡನೆಯದರಲ್ಲಿ 91,000 ಕಿಮೀ ಓಡಬೇಕು.

ವರ್ಷಕ್ಕೆ 15,000 ಕಿಮೀ ಓಡಿಸುವವರಿಗೆ ಕಲ್ಲಿದ್ದಲು ಹೆಚ್ಚಿರುವ ಕಡೆಯೂ ಆರು ವರ್ಷದಲ್ಲಿ ಲಾಭ ಶುರು. ವರ್ಷಕ್ಕೆ 4,000 ಕಿಮೀ ಮಾತ್ರ ಓಡಿಸುವವರ ಹಳೆಯ ಕಾರು ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಂಡು, ಟೈರಿನ ಗಾಳಿ ತಿಂಗಳಿಗೊಮ್ಮೆ ನೋಡಿಕೊಂಡು, ಸಣ್ಣ ಓಡಾಟಕ್ಕೆ ಬಸ್ಸು ಹಿಡಿಯುವುದು ಹೆಚ್ಚು ಸರಿ. ಹೊಸದು ಕೊಳ್ಳಲೇಬೇಕಿದ್ದರೆ ಬ್ಯಾಟರಿ ಬೇಕಾದಷ್ಟೇ ಇರಲಿ. ವರ್ಷಕ್ಕೊಮ್ಮೆಯ ದೂರದ ಪ್ರಯಾಣಕ್ಕಾಗಿ ಉಳಿದ ದಿನವೆಲ್ಲ 80 ಯೂನಿಟ್ ಬ್ಯಾಟರಿಯನ್ನು ಹೊತ್ತು ತಿರುಗುವುದು ತಯಾರಿಕೆಯಲ್ಲೂ ನಷ್ಟ, ಓಡಾಟದಲ್ಲೂ ನಷ್ಟ.

ದೂರದ ಪ್ರಯಾಣಕ್ಕೆ ರೈಲು ಅಥವಾ ದೂರ ಓಡುವ ಬಸ್ಸು ಹಿಡಿದರೆ, ವಿಮಾನದ ಹೊರಸೂಸುವಿಕೆಯ ಸಣ್ಣ ಪಾಲಿನಲ್ಲೇ ಮುಗಿಯುತ್ತದೆ. ವಿಮಾನವೇ ಅನಿವಾರ್ಯವಾದರೆ ನೇರ ವಿಮಾನ, ಇಕಾನಮಿ ಸೀಟು. ಅಗಲ ಸೀಟು ಹೆಚ್ಚು ನೆಲ ಹಿಡಿಯುವುದರಿಂದ ಇಂಧನದ ಪಾಲೂ ಅಷ್ಟೇ ಹೆಚ್ಚು ನಿಮ್ಮ ತಲೆಗೆ ಬರುತ್ತದೆ.

ಊಟ: ಎಲ್ಲಿಂದ ಬಂತು ಎನ್ನುವುದಕ್ಕಿಂತ ಏನು ಎನ್ನುವುದು

2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ, 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನದ ಸರಾಸರಿಗಳಿವು. 100 ಗ್ರಾಂ ಪ್ರೋಟೀನ್ ಪಡೆಯಲು ಆಗುವ ಹೊರಸೂಸುವಿಕೆ, ಮಾಂಸಕ್ಕೆಂದೇ ಸಾಕಿದ ದನದಿಂದ 50 ಕೆಜಿ, ಕೋಳಿಯಿಂದ ಸುಮಾರು 6 ಕೆಜಿ, ಮೊಟ್ಟೆಯಿಂದ 4 ಕೆಜಿ, ಟೋಫುವಿನಿಂದ 2 ಕೆಜಿ, ಬಟಾಣಿಯಿಂದ 0.4 ಕೆಜಿ. ಒಂದು ಲೀಟರ್ ಹಸುವಿನ ಹಾಲಿಗೆ 3 ಕೆಜಿ, ಸೋಯಾ ಹಾಲಿಗೆ 1 ಕೆಜಿ.

ಸಾಗಾಟದ ಪಾಲು ಒಟ್ಟು ಆಹಾರದ ಲೆಕ್ಕದಲ್ಲಿ ಹತ್ತನೇ ಒಂದಕ್ಕಿಂತ ಕಡಿಮೆ. ‘ಹತ್ತಿರದ್ದೇ ಒಳ್ಳೆಯದು’ ಎಂಬ ನಂಬಿಕೆಗೆ ಒಂದೇ ಕಡೆ ಗಟ್ಟಿ ಆಧಾರವಿದೆ: ವಿಮಾನದಲ್ಲಿ ಬರುವ ಬೇಗ ಕೆಡುವ ಹಣ್ಣು, ತರಕಾರಿ. ವಿಮಾನದ ಸಾಗಾಟ ಹಡಗಿಗಿಂತ ಸುಮಾರು 50 ಪಟ್ಟು ಭಾರ. ಹಡಗಿನಲ್ಲಿ ಬಂದ ಬೇಳೆಕಾಳನ್ನು ದೂರದ್ದೆಂದು ಬಿಟ್ಟು ಹತ್ತಿರದ ದನದ ಮಾಂಸ ಆರಿಸುವುದು ಲೆಕ್ಕಕ್ಕೆ ನಿಲ್ಲದು. ಇನ್ನು, ಚೆಲ್ಲಿದ ಅನ್ನಕ್ಕೆ ಬೆಳೆದ ಖರ್ಚಿನ ಜೊತೆ ಕಸದ ಗುಡ್ಡೆಯಲ್ಲಿ ಕೊಳೆತು ಬರುವ ಮೀಥೇನ್ ಕೂಡ ಸೇರುತ್ತದೆ.

ಚೀಲ, ಬಾಟಲಿ, ಪಾರ್ಸೆಲ್, ವಿಡಿಯೊ

ಚೀಲದ ಬಗ್ಗೆ ಆಗುವಷ್ಟು ಚರ್ಚೆ ಅದರಿಂದ ಬರುವ ಹೊರಸೂಸುವಿಕೆಗೆ ತಕ್ಕದ್ದಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹವಾಮಾನದ ಲೆಕ್ಕದಲ್ಲಿ ಸಮವಾಗಬೇಕಾದರೆ ಕಾಗದದ ಚೀಲವನ್ನು 3 ಸಲ, ಬಟ್ಟೆಯಂತೆ ಕಾಣುವ ನಾನ್-ವೋವನ್ ಪ್ಲಾಸ್ಟಿಕ್ ಚೀಲವನ್ನು 11 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು. ಚರಂಡಿ, ಕಡಲು ಸೇರುವ ಪ್ಲಾಸ್ಟಿಕ್ಕಿನ ಪ್ರಶ್ನೆ ಬೇರೆ, ಈ ಅಂಕಿಯಲ್ಲಿ ಅದು ಬರುವುದಿಲ್ಲ. ಮನೆಯಲ್ಲಿರುವ ಹತ್ತಿ ಚೀಲವನ್ನು ಹರಿಯುವವರೆಗೆ ಬಳಸಿ, ಪುಕ್ಕಟೆ ಸಿಕ್ಕಿತೆಂದು ಹತ್ತನೆಯದನ್ನು ತರಬೇಡಿ. ಗಾಜಿನ ಬಾಟಲಿಯೂ ಹಾಗೆಯೇ: ವಾಪಸ್ ಪಡೆದು ತೊಳೆದು ತುಂಬುವ ವ್ಯವಸ್ಥೆ ಇದ್ದರೆ ಚಿನ್ನ, ಒಮ್ಮೆಗೇ ಎಸೆಯುವುದಾದರೆ ಭಾರದಿಂದಾಗಿ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಇಂಗಾಲ. ಅಲ್ಯುಮಿನಿಯಂ ಡಬ್ಬಿಯನ್ನಂತೂ ಕಸಕ್ಕೆ ಹಾಕಬೇಡಿ. ಅದನ್ನು ಕರಗಿಸಿ ಮತ್ತೆ ಲೋಹ ಮಾಡಲು ಅದಿರಿನಿಂದ ತೆಗೆಯುವುದರ ಸುಮಾರು 5 ಪ್ರತಿಶತ ಶಕ್ತಿ ಸಾಕು.

ಮನೆಗೆ ತರಿಸುವುದೋ, ಹೋಗಿ ತರುವುದೋ? 80 ಕಿಮೀ ಸುತ್ತಿ 8 ಲೀಟರ್ ಡೀಸೆಲ್ ಸುಟ್ಟು 120 ಪಾರ್ಸೆಲ್ ಹಂಚುವ ವ್ಯಾನಿನಲ್ಲಿ ಒಂದಕ್ಕೆ 180 ಗ್ರಾಂ ಬೀಳುತ್ತದೆ. ಅದೇ ಒಂದು ವಸ್ತುವಿಗಾಗಿ ನೀವು ಕಾರಿನಲ್ಲಿ ಹೋಗಿಬರುವ 10 ಕಿಮೀಗೆ 1.4 ಕೆಜಿ. ನಡೆದು ಅಥವಾ ಸೈಕಲ್ಲಿನಲ್ಲಿ ಹೋದರೆ ಅಂಗಡಿಯೇ ಗೆಲ್ಲುತ್ತದೆ. ಪಾರ್ಸೆಲ್ಲಿನ ಲೆಕ್ಕ ಕೆಡಿಸುವುದು ‘ಇಂದೇ ಬೇಕು’ ಎಂಬ ಆಯ್ಕೆ, ಬಾಗಿಲು ತೆರೆಯುವವರಿಲ್ಲದೆ ಎರಡನೇ ಸಲ ಬರುವ ವ್ಯಾನು, ಮೂರು ಅಳತೆಯ ಬಟ್ಟೆ ತರಿಸಿ ಎರಡನ್ನು ಹಿಂದಿರುಗಿಸುವ ಅಭ್ಯಾಸ.

ವಿಡಿಯೊ ನೋಡುವುದರ ಬಗ್ಗೆ ಹೆದರಿಕೆ ಬೇಡ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಒಂದು ಗಂಟೆಯ ಸ್ಟ್ರೀಮಿಂಗ್‌ಗೆ ಸುಮಾರು 36 ಗ್ರಾಂ, ಅದರಲ್ಲೂ ಹೆಚ್ಚಿನದು ನೋಡುವ ಪರದೆಯದು. ಹಳೆಯ ಇಮೇಲ್ ಅಳಿಸುತ್ತಾ ಕೂತರೆ ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಎಳೆಯುವ ಕರೆಂಟೇ ಜಾಸ್ತಿಯಾದೀತು.

ಪೊಟ್ಟಣದ ಮೇಲಿನ ಹಸಿರು ಮಾತು

‘ಪರಿಸರಸ್ನೇಹಿ’ ಎಂಬ ಅಚ್ಚಿನ ಹಿಂದೆ ಮೂರು ಬಗೆಯ ಖಾತರಿ ಇರಬಹುದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ, ಅಂದರೆ ಐಎಸ್‌ಒದ, 14024ನೇ ಮಾನಕದಂತೆ ಹೊರಗಿನ ಸಂಸ್ಥೆ ಮಾನದಂಡ ಇಟ್ಟು ಕೊಡುವ ಮುದ್ರೆ ಒಂದು. ಐಎಸ್‌ಒ 14021ರ ಪ್ರಕಾರ ತಯಾರಕರೇ ಹೇಳಿಕೊಳ್ಳುವುದು ಇನ್ನೊಂದು. ಐಎಸ್‌ಒ 14025ರಂತೆ ಅಂಕಿಅಂಶ ಸಹಿತ, ಸ್ವತಂತ್ರ ಪರಿಶೀಲನೆಯಾದ ಘೋಷಣೆ ಮೂರನೆಯದು. ಮೊದಲನೆಯದು ಆತುರದಲ್ಲಿ ಕೊಳ್ಳುವವರಿಗೆ ಸಾಕು, ಮೂರನೆಯದು ಮನೆ ಕಟ್ಟುವಂಥ ದೊಡ್ಡ ಖರೀದಿಗೆ ಬೇಕು. ಎರಡನೆಯದಕ್ಕೆ ‘ಸರಿ, ಲೆಕ್ಕ ತೋರಿಸಿ’ ಎನ್ನಬೇಕು.

ಅಂಕಿ ಕೊಟ್ಟಿದ್ದರೆ ಮೊದಲು ‘ಯಾವುದಕ್ಕೆ’ ಎಂದು ನೋಡಿ. ಸೋಪಿನ ಪುಡಿ 1 ಕೆಜಿಗೆ ಇಷ್ಟು ಎಂದರೆ ಉಪಯೋಗವಿಲ್ಲ, ಒಂದು ಒಗೆತಕ್ಕೆ ಎಷ್ಟು ಎಂದು ಬೇಕು. ಇಲ್ಲದಿದ್ದರೆ ಕಡಿಮೆ ಹಾಕಿದರೆ ಸಾಕಾಗುವ ಗಟ್ಟಿ ಪುಡಿಯೇ ಕೆಟ್ಟದ್ದಾಗಿ ಕಾಣುತ್ತದೆ. ಆಮೇಲೆ ಲೆಕ್ಕ ಕಾರ್ಖಾನೆಯ ಗೇಟಿಗೆ ನಿಂತಿದೆಯೋ, ವಿಲೇವಾರಿಯವರೆಗೂ ಹೋಗಿದೆಯೋ ನೋಡಿ. ಟೈಲ್ಸ್, ಸಿಮೆಂಟ್, ಬಣ್ಣದಂಥ ಕಟ್ಟಡ ಸಾಮಗ್ರಿಯ ಘೋಷಣೆಯಲ್ಲಿ ಎ1ರಿಂದ ಎ3 ತಯಾರಿಕೆ, ಬಿ ಬಳಕೆ, ಸಿ ಕೆಡವುವಿಕೆ, ಡಿ ಮುಂದೆ ಮರುಬಳಕೆಯಾದರೆ ಸಿಗಬಹುದಾದ ಲಾಭ. ಡಿ ಸಾಲಿನ ಮೈನಸ್ ಅಂಕಿಯನ್ನು ಎ ಸಾಲಿಗೆ ಕೂಡಿಸಿ ‘ನಮ್ಮದು ಕಡಿಮೆ’ ಎಂದು ತೋರಿಸುವವರಿದ್ದಾರೆ. ಹೋಲಿಸುವಾಗ ಎ1-ಎ3ಕ್ಕೆ ಎ1-ಎ3ನ್ನೇ ಇಟ್ಟು ನೋಡಿ.

ಬ್ಯಾಂಕ್ ಆ್ಯಪುಗಳು ತೋರಿಸುವ ತಿಂಗಳ ಇಂಗಾಲದ ಲೆಕ್ಕವನ್ನು ಅತಿಯಾಗಿ ನಂಬಬೇಡಿ. ಅವುಗಳಲ್ಲಿ ಬಹಳಷ್ಟು ಖರ್ಚಾದ ಹಣವನ್ನು ಒಂದು ಸರಾಸರಿಯಿಂದ ಗುಣಿಸುತ್ತವೆ. ಹತ್ತು ವರ್ಷ ಬಾಳುವ ದುಬಾರಿ ಷೂ, ವರ್ಷಕ್ಕೊಂದು ಹರಿಯುವ ಅಗ್ಗದ ಷೂಗಿಂತ ಅಲ್ಲಿ ಪಾಪಿಯಾಗಿ ಕಾಣುತ್ತದೆ.

‘ಕಾರ್ಬನ್ ನ್ಯೂಟ್ರಲ್’ ಎಂದು ಬರೆದಿದ್ದರೆ ಅದು ಎಷ್ಟೋ ಸಲ ಉತ್ಪನ್ನದ ಹೊರಸೂಸುವಿಕೆ ಇಳಿದದ್ದಲ್ಲ, ಬೇರೆಲ್ಲೋ ಕಾಡು ಬೆಳೆಸಿದ್ದಕ್ಕೆ ಕ್ರೆಡಿಟ್, ಅಂದರೆ ಅಲ್ಲಿ ಉಳಿದ ಇಂಗಾಲವನ್ನು ತನ್ನ ಲೆಕ್ಕದಿಂದ ಕಳೆಯುವ ಹಕ್ಕು, ಕೊಂಡದ್ದು. ಐರೋಪ್ಯ ಒಕ್ಕೂಟ 2024ರ ನಿರ್ದೇಶನದ ಮೂಲಕ ಬರೀ ಕ್ರೆಡಿಟ್ ಆಧಾರದ ಮೇಲೆ ಉತ್ಪನ್ನಕ್ಕೆ ಇಂಥ ಹೆಸರು ಹಚ್ಚುವುದನ್ನು ನಿಷೇಧಿಸಿದೆ. ಅದು ಅನ್ವಯವಾಗುವುದು 2026ರ ಸೆಪ್ಟೆಂಬರ್ 27ರಿಂದ. ಎರಡು ವಸ್ತುಗಳನ್ನು ಹೋಲಿಸುವಾಗ ಕ್ರೆಡಿಟ್ ಕಳೆಯುವ ಮೊದಲಿನ ಅಂಕಿಯನ್ನೇ ಹಿಡಿಯಿರಿ. ತಪ್ಪಿಸಲಾಗದ ವಿಮಾನ ಪ್ರಯಾಣಕ್ಕೆ ನೀವೇ ಕ್ರೆಡಿಟ್ ಕೊಳ್ಳುವುದಾದರೆ ಮಾರುವವರನ್ನು ನಾಲ್ಕು ಕೇಳಿ: ಈ ಹಣವಿಲ್ಲದಿದ್ದರೂ ಆ ಕೆಲಸ ಆಗುತ್ತಿತ್ತೇ, ಕಾಡು ಸುಟ್ಟುಹೋದರೆ ಹೊಣೆ ಯಾರದು, ಇಲ್ಲಿ ಉಳಿಸಿದ ಮರವನ್ನು ಪಕ್ಕದಲ್ಲಿ ಕಡಿಯುತ್ತಿದ್ದಾರೆಯೇ, ಇದೇ ಕ್ರೆಡಿಟ್ಟನ್ನು ಇನ್ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎನ್ನಲು ಏನು ದಾಖಲೆ? ಕೊನೆಯದಕ್ಕೆ ಉತ್ತರವಾಗಿ ನೋಂದಣಿ ಜಾಲತಾಣದ ಕ್ರಮಸಂಖ್ಯೆ ಸಿಗಬೇಕು, ಆ ಸಂಖ್ಯೆಯ ಮುಂದೆ ಕ್ರೆಡಿಟ್ ಬಳಸಿ ಮುಗಿದಿದೆ, ಅಂದರೆ ‘ರಿಟೈರ್ಡ್’, ಎಂದು ನಿಮ್ಮ ಹೆಸರಿನಲ್ಲಿ ನಮೂದಾಗಿರಬೇಕು.